ಭಜನೆ ಮಂದಿರಕ್ಕೊಂದು ಕಾಂಗೋ

ಹಸುವಿನ ಚರ್ಮಕ್ಕಿಂತ ಎಮ್ಮೆಯ ಚರ್ಮ ಹೆಚ್ಚು ಮಡಿ ಎಂಬ ಮಹತ್ವದ ತೀರ್ಮಾನ ಕಳೆದ ಭಾನುವಾರ ಹೊರಬಿತ್ತು. ಪಂಡಿತರ ಸಭೆಯಲ್ಲಲ್ಲ, ಬಾಗಲೂರಿನ ಒಬ್ಬ ಬಡಗಿಯ ಅಂಗಳದಲ್ಲಿ. ನಾನು ಪ್ರತ್ಯಕ್ಷ ಸಾಕ್ಷಿ.

ಆದದ್ದಿಷ್ಟು. ಹೋದ ರಾಮನವಮಿಗೆ ಹೊಸೂರಿನ ನಮ್ಮ ಬೀದಿಯ ಭಜನೆ ಮಂದಿರಕ್ಕೆ ಜನ ಬಂದರು, ಪಾನಕ ಕುಡಿದರು, ಹಿಂದಿನ ಬೀದಿಯ ಆರ್ಕೆಸ್ಟ್ರಾ ಕೇಳಲು ಹೊರಟುಹೋದರು. (ರಾಮನಿಗೆ ಎರಡೂ ಬೀದಿ ಒಂದೇ. ಸಮಿತಿಗೆ ಹಾಗಲ್ಲ.) ಈ ವರ್ಷ ನಮ್ಮಲ್ಲೂ ಆರ್ಕೆಸ್ಟ್ರಾ ಆಗಬೇಕು, ಅದಕ್ಕೆ ಸ್ವಂತದ್ದೊಂದು ಕಾಂಗೋ ಡ್ರಮ್ ಬೇಕು ಎಂದು ಠರಾವಾಯಿತು. ಕಾಂಗೋ ಗೊತ್ತಲ್ಲ? ಸೊಂಟದೆತ್ತರದ ಮರದ ಪೀಪಾಯಿ, ಮೇಲೊಂದು ಚರ್ಮ, ಬರಿಗೈಯಲ್ಲಿ ಬಾರಿಸುವುದು. ಯಾವ ದೇಶದ್ದೋ ಏನೋ. ಫ್ಯಾಕ್ಟರಿಗಳು ಬಂದ ಹಾಗೆ ಅದೂ ಹೊಸೂರಿಗೆ ಬಂತು.

ಬಾರಿಸುವವನು ನಾಗರಾಜ. ಹಗಲು ಫ್ಯಾಕ್ಟರಿಯಲ್ಲಿ ಲೇತ್, ಸಂಜೆ ಕಾಂಗೋ. ಸುತ್ತಮುತ್ತ ಅವನಂಥ ಕೈ ಇನ್ನೊಂದಿಲ್ಲ ಎಂದು ಸಮಿತಿಯೇ ಒಪ್ಪಿದೆ. ಮನೆ ಕಾಲೋನಿಯಲ್ಲಿ. (ಯಾವ ಕಾಲೋನಿ ಎನ್ನುತ್ತೀರಾ? ಊರಾಚೆಗಿನದು. ಆ ಮಾತಿಗೆ ನಮ್ಮಲ್ಲಿ ವಿವರಣೆ ಬೇಕಾಗುವುದಿಲ್ಲ.) ಚಿಕ್ಕಂದಿನಿಂದ ರಸ್ತೆಯಲ್ಲಿ ನಿಂತೇ ನಮ್ಮ ಭಜನೆ ಕೇಳಿದವನು. ಈ ಸಲ ಒಳಗೆ ಕೂತು ಬಾರಿಸುತ್ತೇನೆಂದು ಹೊಸ ಷರಟು ಹೊಲಿಸಿದ್ದ.

ಬಡಗಿ ಮುನಿಸ್ವಾಮಿ ಆಚಾರಿ ಎರಡು ಕಾಂಗೋ ಮಾಡಿಟ್ಟಿದ್ದ. ಒಂದು ಹಲಸಿನದು, ಒಂದೇ ದಿಮ್ಮಿ ಕೊರೆದದ್ದು. ಇನ್ನೊಂದು ಬೇವಿನ ಪಟ್ಟಿಗಳನ್ನು ಜೋಡಿಸಿ ಕಬ್ಬಿಣದ ಬಳೆ ಬಿಗಿದದ್ದು. ಸಮಿತಿ ಎರಡನ್ನೂ ಮೂರು ಸುತ್ತು ಬಂತು. ತೆಂಗಿನಕಾಯಿ ನೋಡುವ ಹಾಗೆ ಹೊಟ್ಟೆಗೆ ಬೆರಳಿನ ಗೆಣ್ಣಿನಿಂದ ಬಡಿಯಿತು. ಹಲಸು ವೀಣೆಯ ಮರ ಎಂದರು ಅಧ್ಯಕ್ಷರಾದ ರಿಟೈರ್ಡ್ ಹೆಡ್‌ಮಾಸ್ಟರು. ಬೇವು ಮಾರಿಯಮ್ಮನ ಮರ ಎಂದು ಕಾರ್ಯದರ್ಶಿ ತಮಿಳಿನಲ್ಲಿ ಎದ್ದರು. ಖಜಾಂಚಿ ತೆಲುಗಿನಲ್ಲಿ ಇಬ್ಬರನ್ನೂ ಸಮಾಧಾನ ಮಾಡಿದರು. ಬಿಸಿಲೇರಿತು.

ನಾಗರಾಜನಿಗೆ ಸಾಕಾಯಿತು. "ಮರ ಎಷ್ಟ್ ತಟ್ಟಿದ್ರೇನ್ ಸಾರ್, ಚರ್ಮಕ್ಕೊಂದ್ ಏಟ್ ಹಾಕಿ ನೋಡಿ."

ಯಾರ ಕೈಯೂ ಮುಂದೆ ಬರಲಿಲ್ಲ. ಎಲ್ಲರದೂ ಸ್ನಾನ ಆಗಿತ್ತಲ್ಲ. ಅಧ್ಯಕ್ಷರು ಸಂತೆಯಲ್ಲಿ ಹುಣಸೆಹಣ್ಣು ವಿಚಾರಿಸುವ ಧಾಟಿಯಲ್ಲಿ, ಚರ್ಮ ಯಾವುದರದಪ್ಪಾ ಎಂದು ಕೇಳಿದರು. ಆಚಾರಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಮೂರು ಭಾಷೆಯ ಸಮಿತಿ ಒಂದೇ ಭಾಷೆಯಲ್ಲಿ ಮೌನವಾಗಿತ್ತು.

"ಎಮ್ಮೆದಾದ್ರೆ ದೋಷ ಇಲ್ಲ," ಎಂದರು ಅಧ್ಯಕ್ಷರು.

"ಎಮ್ಮೆದೇ ಸಾಮಿ."

"ಆ ಇನ್ನೊಂದು?"

"ನಿಮಗೆ ಅದು ಬೇಕು ಅಂದ್ರೆ ಅದೂ ಎಮ್ಮೆದೇ."

(ಮಂದಿರದಲ್ಲಿ ರಾಮನ ಪಟದ ಕೆಳಗೇ ಕೂತಿರುವ ಮೃದಂಗ ಯಾವುದರದ್ದೆಂದು ಈವರೆಗೆ ಯಾರೂ ಕೇಳಿಲ್ಲ. ಚರ್ಮ ಹಳೆಯದಾದರೆ ತಾನೇ ಶುದ್ಧವಾಗುತ್ತದೆಯೋ ಏನೋ.)

ಕೊನೆಗೆ ಎರಡನ್ನೂ ನಾಗರಾಜನೇ ಬಾರಿಸಿದ. ಬೇವು ಒಣಗಂಟಲಲ್ಲಿ ಮಾತಾಡಿತು. ಹಲಸಿಗೆ ಅಂಗೈ ಬಿದ್ದಾಗ ಆಚಾರಿಯ ಕೋಳಿಗಳು ಬೇಲಿ ಹಾರಿದವು, ಖಜಾಂಚಿಯ ಕಾಲು ಅವರಿಗೇ ತಿಳಿಯದಂತೆ ತಾಳ ಹಾಕಿತು. ಹಲಸೇ ಗೆದ್ದಿತು. ತಾವು ಆಗಲೇ ಹೇಳಿದ್ದಾಗಿ ಅಧ್ಯಕ್ಷರು ನೆನಪಿಸಿದರು.

ಮಂದಿರದ ಮೆಟ್ಟಿಲವರೆಗೆ ಡ್ರಮ್ಮನ್ನು ನಾಗರಾಜ ಹೆಗಲ ಮೇಲೆ ಹೊತ್ತು ತಂದ. ಅಲ್ಲಿಂದಾಚೆ ಸಮಿತಿಯೇ ಹೊತ್ತಿತು. (ಮರದ ಭಾಗ ಹಿಡಿದು.) ಅರಿಶಿನ, ಕುಂಕುಮ, ಮಂಗಳಾರತಿ ಎಲ್ಲ ಆಗಿ ಕಾಂಗೋ ರಾಮನ ಬಲಗಡೆ ಪ್ರತಿಷ್ಠಿತವಾಯಿತು. ಅಧ್ಯಕ್ಷರು ಹೊರಗೆ ಬಂದು ನಾಗರಾಜನಿಗೆ ಬಹಳ ಮೃದುವಾಗಿ ವ್ಯವಸ್ಥೆ ತಿಳಿಸಿದರು. ಪೂಜೆಯಾದ ವಾದ್ಯವನ್ನು ಮತ್ತೆ ಹೊಸ್ತಿಲು ದಾಟಿಸುವಂತಿಲ್ಲ. ಅವನಿಗೆ ಮಾತ್ರ ಹೊರಗೆ ಪೆಂಡಾಲಿನಲ್ಲಿ ಕುರ್ಚಿ ಉಂಟು, ಮೈಕ್ ಉಂಟು, ಟೇಬಲ್ ಫ್ಯಾನೂ ಉಂಟು.

ನಾಗರಾಜ ಒಳಗೊಮ್ಮೆ ನೋಡಿದ, ಫ್ಯಾನನ್ನೊಮ್ಮೆ ನೋಡಿದ. "ಡ್ರಮ್ಮು ಒಳ್ಗೆ, ನಾನು ಆಚೆ. ಏನ್ ಬಾರಿಸ್ಲಿ ಸಾರ್, ಗೋಡೆನಾ?"

ಪ್ರಶ್ನೆಯಲ್ಲಿ ಅರ್ಥವಿದೆ ಎಂದು ಸಮಿತಿ ಉದಾರವಾಗಿ ಒಪ್ಪಿಕೊಂಡು, ವಿಷಯವನ್ನು ಮುಂದಿನ ಸಭೆಗೆ ಇಟ್ಟಿದೆ. ಹೊಸ ಷರಟಿನ ಮಡಿಕೆ ಇನ್ನೂ ಬಿಚ್ಚಿಲ್ಲವಂತೆ.

ನನಗಿರುವುದು ಒಂದೇ ಸಂಶಯ. ಒಳಗೆ ಹೋಗಬೇಕಾದರೆ ಎಮ್ಮೆ ಮೊದಲು ಸಾಯಬೇಕಾಯಿತು. ನಾಗರಾಜನ ವಿಷಯದಲ್ಲಿ ಸಮಿತಿ ಯಾವುದಕ್ಕೆ ಕಾಯುತ್ತಿದೆ?