ಬ್ರೇಕ್ ಮೇಷ್ಟ್ರ ಮಣಿಕಟ್ಟು

ಆ ಡ್ರೈವಿಂಗ್ ಸ್ಕೂಲಿಗೆ ಕಾರು ಕಲಿಸುವವರು ಬೇಕಾದಷ್ಟು ಮಂದಿ ಬಂದರು, ಹೋದರು. ಬ್ರೇಕ್ ಮೇಷ್ಟ್ರು ಮಾತ್ರ ಕೂತ ಸೀಟು ಬಿಟ್ಟು ಕದಲಲಿಲ್ಲ. ಕಲಿಸುವ ಕಾರಿನಲ್ಲಿ ಸ್ಟೀರಿಂಗ್ ಒಂದೇ ಆದರೂ ಬ್ರೇಕು ಎರಡು. ಕಲಿಯುವವರ ಕಾಲಿಗೊಂದು, ಪಕ್ಕದಲ್ಲಿ ಕೂತು ಕಲಿಸುವವರ ಕಾಲಿಗೊಂದು. ಆ ಎರಡನೆಯದರ ಒಡೆಯರಾದ್ದರಿಂದ ಅವರಿಗೆ ಆ ಹೆಸರು. ನಿಜವಾದ ಹೆಸರೇನೆಂದು ಕೇಳಿದರೆ ಸ್ಕೂಲಿನ ಯಜಮಾನಮ್ಮನೂ ಒಂದು ಗಳಿಗೆ ತಲೆ ಕೆರೆದುಕೊಳ್ಳಬೇಕಿತ್ತು.

ಎದುರಿಗೆ ಲಾರಿ ಬರಲಿ, ಏರಿನಲ್ಲಿ ಕಾರು ಹಿಂದಕ್ಕೆ ಜಾರಲಿ, ಎಕ್ಸಲರೇಟರನ್ನೇ ಬ್ರೇಕೆಂದುಕೊಂಡು ಯಾರಾದರೂ ತುಳಿದುಬಿಡಲಿ, ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಕಾಲು ತನ್ನ ಕೆಲಸ ಮಾಡುತ್ತಿತ್ತು, ಕಾರು ನಿಲ್ಲುತ್ತಿತ್ತು, ಆಮೇಲೆ ತಣ್ಣಗಿನ ಒಂದು ಮಾತು: "ಏನೂ ಆಗಿಲ್ಲ. ಮತ್ತೆ ಸ್ಟಾರ್ಟ್ ಮಾಡಿ." ಹೆದರಿ ಬೆವರುವವರನ್ನು ಕಂಡರೆ ಮಾತ್ರ ಅವರಿಗೆ ಚೇಷ್ಟೆ. "ನಿಮ್ಮ ಎದೆ ಸ್ವಲ್ಪ ಆಫ್ ಮಾಡ್ರೀ, ಇಂಜಿನ್ ಸದ್ದೇ ಕೇಳಿಸ್ತಿಲ್ಲ" ಎನ್ನುತ್ತಿದ್ದರು. ನಗು ಬರುತ್ತಿತ್ತೋ ಅಳು ಬರುತ್ತಿತ್ತೋ, ಕೇಳಿಸಿಕೊಂಡವರು ಕಾರನ್ನಂತೂ ಮುಂದಕ್ಕೆ ಬಿಡುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. "ಟೈಮ್ ಆಯ್ತಾ ಮೇಷ್ಟ್ರೇ?" ಎಂದು ಕಲಿಯುವವರು ರಸ್ತೆ ಬಿಟ್ಟು ಇತ್ತ ತಿರುಗುವುದು ಅವರಿಗೆ ಸುತರಾಂ ಆಗದು. ಅದಕ್ಕೇ ಗಡಿಯಾರವನ್ನು ಕಲಿಯುವವರ ಕಡೆಯ ಕೈಗೆ ಕಟ್ಟಿಕೊಂಡು, ಆ ಕೈಯನ್ನು ಗೇರಿನ ಪಕ್ಕದಲ್ಲಿ ಗಡಿಯಾರ ಮೇಲಾಗಿ ಚಾಚಿಡುತ್ತಿದ್ದರು. ಗಡಿಯಾರ ಅವರದಾದರೂ ನೋಡುವ ಕಣ್ಣು ಬೇರೆಯವರದು.

ಹಳೆಯ ಗಡಿಯಾರದ ಪಟ್ಟಿ ಕಿತ್ತುಹೋದಾಗ ಮಗಳು ಸ್ಮಾರ್ಟ್‌ವಾಚ್ ತಂದಳು. ಮಗಳೆಂದರೆ ಹಗ್ಗ ಕಂಡರೂ ಹಾವೆನ್ನುವವಳು. ತನ್ನ ಕೂಸು ನೆಮ್ಮದಿಯಾಗಿ ಮಲಗಿದ್ದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡಿ, ಅದನ್ನು ಎಬ್ಬಿಸಿ ಅಳಿಸಿ, ಅಳುತ್ತಿದೆ ಸದ್ಯ ಎಂದು ಸಮಾಧಾನಪಡುವವಳು. ಈಗ ಅವಳ ಕಣ್ಣು ಅಪ್ಪನ ಮೇಲೆ ಬಿದ್ದಿತ್ತು.

"ಅಪ್ಪಾ, ವಾಚಿನ ಮುಖದ ಮೇಲೆ ಏನೇನು ಕಾಣಬೇಕು ಅಂತ ನಾವೇ ಆರಿಸ್ಕೋಬಹುದು. ಹೀಗೆ ಬೆರಳು ಒತ್ತಿ ಹಿಡಿದ್ರೆ ಮುಖ ಚಿಕ್ಕದಾಗುತ್ತೆ ನೋಡು. ಮೇಲೊಂದು ಜಾಗ, ಕೆಳಗೊಂದು ಜಾಗ, ಪಕ್ಕದಲ್ಲೆರಡು. ಮಳೆ ಬರುತ್ತಾ ಅಂತ ಹಾಕ್ಲಾ? ಎಷ್ಟು ನಡೆದೆ ಅಂತ?"

"ಟೈಮ್ ಹಾಕು."

"ಟೈಮ್ ಇದ್ದೇ ಇರುತ್ತಪ್ಪ!"

"ಹಂಗಾದ್ರೆ ಮುಗೀತು. ಮಳೆಗೆ ಕಿಟಕಿ ಇದೆ, ನಡೆದಿದ್ದು ಮಂಡಿಗೆ ಗೊತ್ತು."

ಮಗಳು ಬಿಡಲಿಲ್ಲ. "ಎದೆಬಡಿತ ಒಂದಾದ್ರೂ ಇರ್ಲೇಬೇಕು. ನಿನ್ನ ವಯಸ್ಸಲ್ಲಿ ಯಾವಾಗ ಏನಾಗುತ್ತೋ ಯಾರಿಗೆ ಗೊತ್ತು" ಎಂದು, ಅಪ್ಪನಿಗೆ ಕನ್ನಡಕವಿಲ್ಲದೆಯೂ ಕಾಣಲಿ ಎಂದು, ಸಮಯದ ಕೆಳಗೆ ಒಂದು ಕೆಂಪು ಹೃದಯವನ್ನೂ ಅದರ ಪಕ್ಕ ದಪ್ಪ ಅಂಕಿಯನ್ನೂ ಕೂರಿಸಿದಳು. ಅರವತ್ತಾರು ಎಂದಿತು.

"ಅವರಿಗೂ ಎದೆ ಅನ್ನೋದು ಇದೆಯಂತಾ?" ಅಡುಗೆಮನೆಯಿಂದ ಹೆಂಡತಿ ಕೂಗಿದರು. "ಖಾತ್ರಿಯಾದ್ರೆ ನಂಗೂ ಹೇಳೇ."

ಮರುದಿನ ಬೆಳಿಗ್ಗೆಯ ಪಾಠ ಔಷಧಿ ಅಂಗಡಿಯಾಕೆಯದು. ಗಿರಾಕಿಗಳಿಗೆ ಬಿಪಿ ನೋಡಿ ಬುದ್ಧಿ ಹೇಳುವ ಹೆಂಗಸು, ಸ್ಟೀರಿಂಗ್ ಹಿಡಿದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು. ದೊಡ್ಡ ವೃತ್ತ ಬಂತು. ಆಕೆ ಬಸ್ಸೊಂದರ ಮೂಗಿಗೆ ಮೂಗು ತಾಗಿಸುವಂತೆ ನುಗ್ಗಿದರು. ಮೇಷ್ಟ್ರು ಎಂದಿನಂತೆ ಬ್ರೇಕ್ ಒತ್ತಿ, "ಏನೂ ಆಗಿಲ್ಲ" ಎಂದರು. ಎನ್ನುತ್ತಲೇ ಕಣ್ಣು ಸುಮ್ಮನೆ ಮಣಿಕಟ್ಟಿನ ಮೇಲೆ ಹೋಯಿತು.

ನೂರಾ ಮೂವತ್ತೊಂದು.

ತಮ್ಮ ಮನೆಯ ಕನ್ನಡಿಯಲ್ಲಿ ಯಾರದೋ ಮುಖ ಕಂಡಂತಾಯಿತು. ತಾವು ಕೂತಿದ್ದು ಬಂಡೆಯ ಹಾಗೆ, ಅಂಕಿ ಹಾರುತ್ತಿರುವುದು ನಾಯಿ ಅಟ್ಟಿದ ಮೊಲದ ಹಾಗೆ! ವಾಚು ಕೆಟ್ಟಿದೆ ಎಂದುಕೊಂಡರು. ಪಾಠ ಮುಗಿದು ಆಕೆ ಇಳಿದಾಗ ಅಂಕಿ ತಾನಾಗಿ ಇಳಿಯಿತು. ಮುಂದಿನವರು ಬಂದು ಬೆಲ್ಟ್ ಹಾಕಿಕೊಂಡರು, ಅಂಕಿ ಏರಿತು. ಪಟ್ಟಿ ಬಿಗಿಮಾಡಿದರು, ಸಡಿಲಮಾಡಿದರು, ಗಾಜನ್ನು ಅಂಗಿಯ ತುದಿಗೆ ಉಜ್ಜಿದರು. ಊಟದ ಹೊತ್ತಿನಲ್ಲಿ ಅದೇ ಕಾರನ್ನು ಅದೇ ವೃತ್ತದಲ್ಲಿ ತಾವೇ ಓಡಿಸಿ ನೋಡಿದರು, ಎಪ್ಪತ್ತು ದಾಟಲಿಲ್ಲ. ಸ್ಟೀರಿಂಗ್ ಬೇರೆಯವರ ಕೈಗೆ ಹೋದರೆ ಸಾಕು, ಆ ಕೆಂಪು ಹೃದಯಕ್ಕೆ ರೆಕ್ಕೆ ಬರುತ್ತಿತ್ತು.

ಮಗಳಿಗೆ ಹೇಳಿದರೆ ಕೂಸನ್ನು ಕಂಕುಳಿಗೆ ಹಾಕಿಕೊಂಡು ಆಂಬುಲೆನ್ಸ್ ಸಮೇತ ಬಂದಾಳು. ಹಾಗಾಗಿ ಆ ಹೃದಯವನ್ನು ತಾವೇ ತೆಗೆದುಹಾಕಲು ಹೊರಟರು. ಮಾರನೆಯ ದಿನ ಸ್ಕೂಲಿನ ಮುಂದೆ ನಿಂತ ಕಾರಿನಲ್ಲಿ ಕೂತು ಬೆರಳು ಒತ್ತಿ ಹಿಡಿದರು. ಮುಖ ಚಿಕ್ಕದಾಯಿತು. ಆದರೆ ಗೇರ್ ಹಿಡಿದು ದಪ್ಪಗಾದ ಬೆರಳು, ಕಾಳಿನಷ್ಟು ಜಾಗ. ಮೇಲೆ ಒತ್ತಿದರೆ ಪಕ್ಕದ್ದು ಜಾರುತ್ತಿತ್ತು, ಪಕ್ಕಕ್ಕೆ ತಳ್ಳಿದರೆ ಬಣ್ಣ ಬದಲಾಗುತ್ತಿತ್ತು. ಒಮ್ಮೆ ಹಸಿರಾಯಿತು, ಒಮ್ಮೆ ಯಾವುದೋ ಬೆಕ್ಕು ಬಂದು ಕಣ್ಣು ಹೊಡೆಯಿತು. ಕೊನೆಗೆ ಹೃದಯ ಹೋಗುವ ಬದಲು ಸಮಯ ಮಾಯವಾಯಿತು. ಮುಖದ ತುಂಬ, ಅಂಚಿನಿಂದ ಅಂಚಿಗೆ, ಹೃದಯವೂ ಅದರ ಅಂಕಿಯೂ ಮಾತ್ರ ನಿಂತವು. ಬೇಲಿ ಕೀಳಲು ಹೋಗಿ ಮನೆ ಬೀಳಿಸಿಕೊಂಡಂತಾಯಿತು. ಅಷ್ಟರಲ್ಲಿ ಬಾಗಿಲು ತೆರೆದು ಔಷಧಿ ಅಂಗಡಿಯಾಕೆ ಒಳಗೆ ಬಂದು ಕೂತರು.

ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಳ್ಳಬಹುದಿತ್ತು. ಆದರೆ ಎಷ್ಟೋ ವರ್ಷಗಳ ಅಭ್ಯಾಸ, ಕಾರು ಹೊರಟ ಕೂಡಲೇ ಅದು ತಾನಾಗಿ ಗೇರಿನ ಪಕ್ಕಕ್ಕೆ ಹೋಗಿ ಮಲಗಿತು. ಮಾರುಕಟ್ಟೆಯ ಬೀದಿಯಲ್ಲಿ ಆಕೆ ಸಮಯಕ್ಕೆಂದು ಕಣ್ಣು ಇಳಿಸಿದರು. ಇಳಿಸಿದ ಕಣ್ಣು ಮೇಲೇಳಲಿಲ್ಲ.

"ಅಯ್ಯಯ್ಯೋ, ಮೇಷ್ಟ್ರೇ!"

ಕಾರು ಗಕ್ಕನೆ ನಿಂತಿತು. ಆಕೆ ಸ್ವತಃ, ಸರಿಯಾಗಿ, ಹೇಳಿಸಿಕೊಳ್ಳದೆ ಬ್ರೇಕ್ ಹಾಕಿದ್ದು ಅದೇ ಮೊದಲು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರೂ ಲೆಕ್ಕಿಸದೆ ಅವರ ಮಣಿಕಟ್ಟು ಹಿಡಿದು ಎರಡು ಬೆರಳಿಟ್ಟು ಎಣಿಸತೊಡಗಿದರು.

"ವಾಚು ಕೆಟ್ಟಿದೆ ಕಣ್ರೀ. ನೀವು ಗಾಡಿ ತೆಗೀರಿ."

"ವಾಚು ಕೆಟ್ಟಿಲ್ಲ, ನೀವೇ ಕೆಟ್ಟಿದೀರಿ! ಇಷ್ಟು ಜೋರಾಗಿ ಬಡೀತಿದೆ, ಕೂತ ಕಡೆಯೇ! ನೀವು ಇಲ್ಲೇ ಏನಾದ್ರೂ ಮಾಡ್ಕೊಂಡ್ರೆ ನಾನೇನು ಮಾಡ್ಲಿ? ನಂಗೆ ರಿವರ್ಸೂ ಬರಲ್ಲ!"

ಸ್ಕೂಲಿಗೆ ಮರಳಿದ್ದೇ ತಡ, ಸುದ್ದಿ ಯಜಮಾನಮ್ಮನ ಕಿವಿ ತಲುಪಿತು. ಅವರು ಮೇಜಿನ ಮೇಲೆ ಕೈ ಚಾಚಿ ಕಾರಿನ ಕೀ ಕೇಳಿದರು. ಮೇಷ್ಟ್ರು ಕೊಟ್ಟರು. ಕೊಟ್ಟಮೇಲೆ ಕೈ ಖಾಲಿಯಾಗಿದ್ದನ್ನು ನೋಡಿ ಬೆಚ್ಚಿದರು.

"ಡಾಕ್ಟ್ರಿಗೆ ತೋರಿಸ್ಕೊಂಡು ಬನ್ನಿ. ಎದೇದೇ ತೊಂದರೆ ಅಂದ್ರೆ ಬೇಜಾರು ಮಾಡ್ಕೋಬೇಡಿ, ಆ ಸೀಟಲ್ಲಿ ಕೂರಿಸಕ್ಕಾಗಲ್ಲ. ಇಲ್ಲೇ ನನ್ನ ಪಕ್ಕ ಒಂದು ಕುರ್ಚಿ ಹಾಕಿಸ್ತೀನಿ, ಫೋನ್ ನೋಡ್ಕೊಳಿ."

"ಏನಂತ ಗೊತ್ತಾಗೋವರೆಗೂ ನಾನಂತೂ ಅವರ ಜೊತೆ ಕೂರಲ್ಲಪ್ಪ" ಎಂದರು ಔಷಧಿ ಅಂಗಡಿಯಾಕೆ ಬೆವರು ಒರೆಸಿಕೊಳ್ಳುತ್ತ.

ಫೋನಿನ ಪಕ್ಕದ ಕುರ್ಚಿ! ಮೇಷ್ಟ್ರಿಗೆ ಅದಕ್ಕಿಂತ ಹಾಸಿಗೆ ಹಿಡಿಯುವುದೇ ವಾಸಿ ಎನಿಸಿತು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿದರು, ಓಡುವ ಪಟ್ಟಿಯ ಮೇಲೆ ಓಡಿಸಿದರು, ಪರದೆಯ ಮೇಲೆ ಹೃದಯದ ಕವಾಟ ತೆರೆದು ಮುಚ್ಚುವುದನ್ನೂ ತೋರಿಸಿದರು. ಮಗಳು ಕೂಸಿನ ಬಾಯಿಯಿಂದ ತನ್ನ ಸರ ಬಿಡಿಸಿಕೊಳ್ಳುತ್ತ, ಉಗುರು ಕಚ್ಚುತ್ತ ಕೂತಿದ್ದಳು. ಡಾಕ್ಟರು ಎಲ್ಲವನ್ನೂ ಕೇಳಿ, ವಾಚನ್ನೂ ತಿರುಗಿಸಿ ನೋಡಿ, ಹೇಳಿದರು:

"ನಿಮ್ಮ ಹೃದಯ ಗಟ್ಟಿಮುಟ್ಟಾಗಿದೆ. ನೀವೇ ಓಡಿಸಿದ್ರೆ ಏರಲ್ಲ, ಬೇರೆಯವರು ಓಡಿಸಿದ್ರೆ ಹಾರುತ್ತೆ, ಅಲ್ವಾ? ಇದಕ್ಕೆ ದೊಡ್ಡ ಹೆಸರೇನೂ ಇಲ್ಲ ಯಜಮಾನ್ರೇ. ನಿಮಗೆ ಹೆದರಿಕೆ ಆಗುತ್ತೆ."

ಡಾಕ್ಟರು ಇನ್ಯಾರಿಗೋ ಹೇಳಿದರೆಂಬಂತೆ ಮೇಷ್ಟ್ರು ಹಿಂದಕ್ಕೆ ತಿರುಗಿ ನೋಡಿದರು.

"ನನಗಾ?"

"ನಿಮಗೇ."

"ಬೇರೆ ಏನಾದ್ರೂ ಇರಬಹುದು ಡಾಕ್ಟ್ರೇ. ಸಣ್ಣದೊಂದು ಕಾಯಿಲೆ... ಇನ್ನೊಂದು ಸಲ ನೋಡಿ."

ಕಾಯಿಲೆ ಬೇಕೆಂದು ಬೇಡುವ ರೋಗಿಯನ್ನು ಡಾಕ್ಟರು ಕಂಡಿರಲಿಲ್ಲವೋ ಏನೋ, ಕನ್ನಡಕ ತೆಗೆದು ನೋಡಿದರು.

ಮನೆಗೆ ಬಂದವರೇ ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಇಕ್ಕಟ್ಟು ಸ್ಪಷ್ಟವಾಗಿತ್ತು. ಎದೆಯ ಕಾಯಿಲೆ ಎಂದು ಸುಳ್ಳು ಹೇಳಿದರೆ ಮಾನ ಉಳಿಯುತ್ತದೆ, ಸೀಟು ಹೋಗುತ್ತದೆ. ನಿಜ ಹೇಳಿದರೆ ಸೀಟು ಉಳಿದರೂ ಉಳಿದೀತು. ಆದರೆ ಇಷ್ಟು ವರ್ಷ ಊರಿನವರ ಎದೆ ಆಫ್ ಮಾಡಿಸಿದವರ ಮುಖ ಉಳಿಯುವುದಿಲ್ಲ. ವಾಚು ಕೆಟ್ಟಿತ್ತು ಎನ್ನೋಣವೆಂದರೆ ಆಕೆ ಬೆರಳಿಟ್ಟು ಎಣಿಸಿಬಿಟ್ಟಿದ್ದಾರೆ.

"ನನಗೆ ಹೆದರಿಕೆಯಂತೆ ಕಣೇ" ಎಂದರು ಹೆಂಡತಿಗೆ, ಇನ್ಯಾರದೋ ಸಾವಿನ ಸುದ್ದಿ ಹೇಳುವವರಂತೆ.

"ಅದಕ್ಕೆ ಡಾಕ್ಟ್ರು ಬೇಕಾಗಿತ್ತಾ?" ಹೆಂಡತಿ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಮದುವೆಯಾದಾಗಿಂದ ನಿದ್ದೇಲಿ ನನ್ನ ಕಾಲನ್ನ ಬ್ರೇಕ್ ಅಂದ್ಕೊಂಡು ತುಳೀತಿದೀರಿ. ಧೈರ್ಯಸ್ಥರು ಯಾರಾದ್ರೂ ಮಲಗಿದಾಗ ಬ್ರೇಕ್ ಒತ್ತುತಾರಾ?"

"ಒಂದಿನಾನೂ ಹೇಳ್ಲಿಲ್ವಲ್ಲೇ!"

"ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ನಿಮ್ಮ ಎದೆ ತಾನೇ?"

ಮಗಳು ಮೆತ್ತಗೆ ಅಪ್ಪನ ಕೈ ಎಳೆದುಕೊಂಡಳು. ವಾಚಿನ ತುಂಬ ಹರಡಿದ್ದ ಹೃದಯವನ್ನು ಕೆಳಕ್ಕೆ ಸರಿಸಿ, ಸಮಯವನ್ನು ಹುಡುಕಿ ತಂದು ಮತ್ತೆ ನಡುವೆ ಕೂರಿಸಿದಳು. "ಹೃದಯ ತೆಗೆದುಬಿಡ್ಲಾ ಅಪ್ಪ? ನನ್ನಿಂದ್ಲೇ ಆಗಿದ್ದು ಇದೆಲ್ಲ."

ಮೇಷ್ಟ್ರು ಅದನ್ನೇ ನೋಡಿದರು. ಗಾಜಿನ ಮೇಲಿಂದ ತೆಗೆದರೆ ಒಳಗಿಂದ ಹೋಗುತ್ತದೆಯೇ? ಈಗಂತೂ ಗೊತ್ತಾಗಿಬಿಟ್ಟಿದೆ. "ಇರ್ಲಿ ಬಿಡು. ಸ್ವಲ್ಪ ಚಿಕ್ಕದು ಮಾಡು" ಎಂದರು.

ಮರುದಿನ ಸ್ಕೂಲಿನ ಬೆಂಚಿನ ಮೇಲೆ ಕಲಿಯುವವರು ಕೂತಿದ್ದರು, ಔಷಧಿ ಅಂಗಡಿಯಾಕೆಯೂ ಇದ್ದರು. ಯಜಮಾನಮ್ಮ ತಲೆಯೆತ್ತಿದರು. "ಏನಂದ್ರು?"

"ಹೃದಯ ಚೆನ್ನಾಗಿದೆಯಂತೆ."

"ಸದ್ಯ! ಮತ್ತೆ ಆ ನಂಬರು?"

ಮೇಷ್ಟ್ರ ಕಣ್ಣು ಮೊದಲು ಕೀಯನ್ನು ಹುಡುಕಿತು. ಕೀ ಮೇಜಿನ ಮೇಲೆ ಬಿದ್ದಿತ್ತು, ಕೈಗೆಟುಕುವ ದೂರದಲ್ಲೇ. ಅದರ ಪಕ್ಕದಲ್ಲಿ ಹೊಸ ಕುರ್ಚಿಯೊಂದನ್ನು ಆಗಲೇ ತಂದು ಹಾಕಿದ್ದರು, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ.

"ನನಗೆ ಹೆದರಿಕೆ ಆಗುತ್ತೆ" ಎಂದರು.

"ಯಾವಾಗ?"

"ನೀವುಗಳು ಓಡಿಸುವಾಗ. ಯಾರು ಓಡಿಸಿದ್ರೂ. ಮೊದಲಿಂದ್ಲೂ ಇರಬೇಕು, ನನಗೇ ಈಗ ತಿಳೀತು."

ಔಷಧಿ ಅಂಗಡಿಯಾಕೆ ತೆರೆದ ಬಾಯಿ ಮುಚ್ಚಲು ಮರೆತರು. ಯಾರಾದರೂ ನಕ್ಕಿದ್ದರೂ ಮೇಷ್ಟ್ರಿಗೆ ಹಗುರವಾಗುತ್ತಿತ್ತು.

ಕೊನೆಗೆ ಯಜಮಾನಮ್ಮ ಉಸಿರು ಬಿಟ್ಟರು. "ನಿಮಗಿಂತ ಮುಂಚೆ ಇಲ್ಲಿ ಒಬ್ಬ ಇದ್ದ. ಹೆದರಿಕೆ ಅಂದ್ರೆ ಏನು ಅಂತ ಗೊತ್ತಿರ್ಲಿಲ್ಲ ಅವನಿಗೆ. ಎರಡು ಕಾರು ಗುಜರಿಗೆ ಹೋಯ್ತು." ಕೀಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರು. "ತಗೊಳ್ಳಿ. ಬರೋರು ಬರ್ತಾರೆ, ಬಿಡೋರು ಬಿಡ್ತಾರೆ."

ಬೆಂಚಿನಿಂದ ಒಬ್ಬರು ಎದ್ದು, ಬೇರೆ ಮೇಷ್ಟ್ರು ಯಾವಾಗ ಸಿಗುತ್ತಾರೆಂದು ಮೆಲ್ಲಗೆ ವಿಚಾರಿಸಿದರು. ಮೇಷ್ಟ್ರ ಕಿವಿ ಕೆಂಪಾಯಿತು. ಔಷಧಿ ಅಂಗಡಿಯಾಕೆ ಮಾತ್ರ ಚೀಲ ಹೆಗಲಿಗೇರಿಸಿ, "ನಡೀರಿ, ಅಂಗಡಿ ಬಾಗಿಲು ತೆಗೀಬೇಕು ನಾನು" ಎಂದು ಮುಂದೆ ನಡೆದರು.

ಮೊದಲ ತಿರುವಿನಲ್ಲಿ ಮೇಷ್ಟ್ರು ಹೇಳಿದರು: "ಈಗ ಆಗ್ತಿದೆ."

"ನಂಗೂ."

ಎರಡನೆಯ ತಿರುವಿನಲ್ಲಿ ಮತ್ತೆ ಹೇಳಿದರು. ಇಷ್ಟು ವರ್ಷ ಕಟ್ಟಿಟ್ಟಿದ್ದು ಒಮ್ಮೆ ಬಾಯಿಗೆ ಬಂದಮೇಲೆ ನಿಲ್ಲಿಸುವವರಾರು? ಸೈಕಲ್ ಬಂದರೂ ಹೆದರಿಕೆ, ನಾಯಿ ಅಡ್ಡ ಹಾಯ್ದರೂ ಹೆದರಿಕೆ. "ಅಯ್ಯೋ ಆ ಬಸ್ಸು, ಅಯ್ಯಯ್ಯೋ ಆ ಮುದುಕ, ಅಮ್ಮಾ ಗೋಡೆ" ಎಂದು ದಾರಿಯುದ್ದಕ್ಕೂ ಒಪ್ಪಿಸುತ್ತ ಹೋದರು. ದೊಡ್ಡ ವೃತ್ತ ಹತ್ತಿರವಾಯಿತು. ಔಷಧಿ ಅಂಗಡಿಯಾಕೆ ವೇಗ ತಗ್ಗಿಸಿ, ಎರಡೂ ಕಡೆ ನೋಡಿ, ಹಲ್ಲು ಕಚ್ಚಿ ಹೇಳಿದರು:

"ಮೇಷ್ಟ್ರೇ, ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊಳ್ತೀರಾ? ಇಲ್ಲಿ ಒಬ್ಬರು ಗಾಡಿ ಓಡಿಸ್ತಿದಾರೆ!"

ಮೇಷ್ಟ್ರು ತಟ್ಟನೆ ಬಾಯಿ ಮುಚ್ಚಿದರು. ಕಲಿಯುವವರ ಬಾಯಿಂದ ಅವರು ಬೈಸಿಕೊಂಡದ್ದು ಅದೇ ಮೊದಲು. ಕಾರು ವೃತ್ತವನ್ನು ಪೂರ್ತಿ ಸುತ್ತಿ, ಎಲ್ಲೂ ತಡವರಿಸದೆ ಆಚೆ ರಸ್ತೆಗೆ ಸೇರಿತು. ಅವರ ಕಾಲು ಬ್ರೇಕಿನ ಮೇಲೇ ಇತ್ತು; ಒತ್ತುವ ಪ್ರಸಂಗವೇ ಬರಲಿಲ್ಲ.