ಶಂಕರೆಪ್ಪನವರ ರಷ್ಯನ್ ಬಸ್‌ಸ್ಟ್ಯಾಂಡು

ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದ ಶಂಕರೆಪ್ಪನವರು ತಮ್ಮನ್ನು ಬರೀ ನೌಕರ ಎಂದು ಎಂದೂ ತಿಳಿದುಕೊಂಡವರಲ್ಲ. ಅವರ ಪ್ರಕಾರ ಈ ಸೀಮೆಯ ಜನರನ್ನು ಅವರವರ ಊರಿಗೆ ಮುಟ್ಟಿಸಿದವರು ಅವರೇ. ಡ್ರೈವರುಗಳು ಸುಮ್ಮನೆ ಸ್ಟೇರಿಂಗ್ ಹಿಡಿದುಕೊಂಡು ಕೂತಿದ್ದರು, ಅಷ್ಟೇ. ತಾವು ಮೈಕಿನಲ್ಲಿ ಇಂಡಿ ಬಸ್ಸು ಬಂತೆಂದು ಕೂಗಿದರೆ, ಇಂಡಿಗೆ ಹೋಗುವ ವಿಚಾರವೇ ಇಲ್ಲದವರೂ ಚೀಲ ಎತ್ತಿಕೊಂಡು ಏಳುತ್ತಿದ್ದರೆಂಬುದು ಅವರೇ ಹೇಳಿದ ಮಾತು. ನಿವೃತ್ತಿಯಾದ ಮೇಲೂ ಆ ದನಿ ಮಾತ್ರ ಡ್ಯೂಟಿಯಲ್ಲೇ ಇತ್ತು. ಹೆಂಡತಿ ಚನ್ನವ್ವ ಚಹಾ ತರುವುದು ಕೊಂಚ ತಡವಾದರೆ ಓಣಿಗೆಲ್ಲ ಸುದ್ದಿ ಮುಟ್ಟುತ್ತಿತ್ತು.

ಇಂಥವರು ರಷ್ಯನ್ ಅಕ್ಷರ ಕಲಿಯಲು ಕೂತದ್ದು ಮೊಮ್ಮಗಳ ಸಲುವಾಗಿ. ಮಗಳ ಮಗಳು ವಿದ್ಯಾವತಿ ಗೊಳಸಂಗಿಯವಳು. ಅಜ್ಜನ ಮನೆಯಲ್ಲೇ ಇದ್ದು ಪಿಯುಸಿ ಮುಗಿಸಿ, ಡಾಕ್ಟರಾಗುವ ಹಟದಿಂದ ರಷ್ಯಾದ ಒಂದು ಊರಿನ ಕಾಲೇಜಿನಲ್ಲಿ ಸೀಟು ಗಿಟ್ಟಿಸಿಕೊಂಡಿದ್ದಳು. ಪಾಠವೇನೋ ಇಂಗ್ಲಿಷಿನಲ್ಲಿ. ಆದರೆ ರೋಗಿ ನರಳುವುದು ರಷ್ಯನ್ನಿನಲ್ಲಿ ತಾನೆ? ಹೊರಡುವ ಮೊದಲು ಅಕ್ಷರವಾದರೂ ಬರಲಿ ಎಂದು ಮೊಬೈಲಿನಲ್ಲಿ ಕ್ಲಾಸು ಶುರುವಾಯಿತು. ಅಲ್ಲಿಗೆ ಹುಡುಗಿಯ ಧೈರ್ಯ ಮುಗಿಯಿತು.

"ಅಜ್ಜಾ, ಇವು ನೋಡಾಕ ಎಬಿಸಿಡಿ ಹಂಗ ಅದಾವು, ಬಾಯಿ ತೆಗದ್ರ ಬ್ಯಾರೇನ ಅಂತಾವು. ಮುಂಜಾನಿ ಕಲತದ್ದು ಸಂಜಿಗೆ ಇರಂಗಿಲ್ಲ. ಅಲ್ಲಿ ಹೋಗಿ ಒಂದ ಅಕ್ಷರ ಓದಾಕ ಬರಲಾರದಾಕಿ ಹಂಗ ನಿಂದರಲೇನು? ನಾ ಒಲ್ಲೆ."

"ಓದಾಕ ಬರಲಾರದಾಕಿ ಇಲ್ಲೊಬ್ಬಾಕಿ ಅದೀನಿ," ಎಂದು ಚನ್ನವ್ವ ಒಲೆಯ ಮುಂದಿನಿಂದಲೇ ಹೇಳಿದರು. "ನಿಮ್ಮಜ್ಜನ್ನ ಇಷ್ಟ ವರ್ಷ ಸಂಭಾಳಿಸೇನಿ. ರಷ್ಯಾ ಏನ ದೊಡ್ಡದು?"

ಹುಡುಗಿ ನಗಲಿಲ್ಲ. ಬರುತ್ತೇನೆಂದೋ ಇಲ್ಲವೆಂದೋ ಕಾಲೇಜಿಗೆ ನಾಗರಪಂಚಮಿಯ ಮರುದಿನದೊಳಗೆ ತಿಳಿಸಬೇಕಿತ್ತು. ಇಲ್ಲವೆಂದೇ ತಿಳಿಸಿಬಿಡು ಎಂದು ಆಕೆ ಅಪ್ಪನಿಗೆ ಫೋನು ಮಾಡಿಯೂ ಆಗಿತ್ತು. ಪಂಚಮಿವರೆಗೆ ನೋಡೋಣ ಎಂದು ಅಪ್ಪ ತಡೆದಿದ್ದ.

ಶಂಕರೆಪ್ಪನವರು ಎದ್ದು ನಿಂತರು. ಬಸ್ಸೊಂದು ಕೆಟ್ಟು ಜನ ಕೂಗಾಡುವಾಗ ಅವರು ಹೀಗೆಯೇ ಏಳುತ್ತಿದ್ದರಂತೆ.

"ಅಕ್ಷರ ಅಂದ್ರ ಬಸ್ಸಿನ ಬೋರ್ಡ ಇದ್ದಂಗ. ಒಂದೊಂದ ಅಕ್ಷರ ಕೂಡಿಸ್ಕೋತ ನಿಂತಾಂವ ಬಸ್ಸ ತಪ್ಪಿಸ್ಕೊಂತಾನ. ನೋಡಿದ ಕೂಡ್ಲೆ ಗುರ್ತ ಹತ್ತಬೇಕು. ಇದರಾಗ ನನ್ನ ಸರ್ವೀಸ್ ಎಷ್ಟೈತಿ ಗೊತ್ತೈತೇನು?"

"ಅದು ಕನ್ನಡ ಬೋರ್ಡಿನ ಸರ್ವೀಸರಿ," ಎಂದರು ಚನ್ನವ್ವ.

"ಏ, ಬೋರ್ಡ ಎಲ್ಲಾ ಒಂದ!"

ಕನ್ನಡದಲ್ಲಿ ಹೇಳಿದ್ದನ್ನು ರಷ್ಯನ್ ಅಕ್ಷರದಲ್ಲಿ ತೋರಿಸುವ ಸೌಲಭ್ಯ ಮೊಬೈಲಿನಲ್ಲಿತ್ತು. ಅದನ್ನು ನೋಡಿಕೊಂಡು ಶಂಕರೆಪ್ಪನವರು ರಟ್ಟಿನ ಮೇಲೆ ಕಪ್ಪು ಬಣ್ಣದಲ್ಲಿ ಬೋರ್ಡು ಬರೆದರು. ಬರೆದರು ಅನ್ನುವುದಕ್ಕಿಂತ ಚಿತ್ರ ತೆಗೆದರು ಅನ್ನಬೇಕು. ಅವರ ಕಣ್ಣಿಗೆ ಒಂದು ಅಕ್ಷರ ಹೊಲ ಬಿತ್ತುವ ಮೂರು ತಾಳಿನ ಕೂರಿಗೆಯಂತೆ ಕಂಡಿತು, ಇನ್ನೊಂದು ಹೊಸ್ತಿಲಿಲ್ಲದ ಬಾಗಿಲಿನಂತೆ. ಒಂದಂತೂ ಸೊಂಟದ ಮೇಲೆ ಎರಡೂ ಕೈಯಿಟ್ಟು ನಿಂತ ಚನ್ನವ್ವನಂತೆಯೇ ಇತ್ತು. ಆದರೆ ಅದನ್ನು ಗಟ್ಟಿಯಾಗಿ ಹೇಳುವ ಧೈರ್ಯ ಮಾಡಲಿಲ್ಲ.

ಒಂದೊಂದು ಬಾಗಿಲಿಗೆ ಒಂದೊಂದು ಊರು ಬಂತು. ದೇವರ ಕೋಣೆ ಬಸವನ ಬಾಗೇವಾಡಿ. ಲಿಂಬಿಹಣ್ಣಿನ ಬುಟ್ಟಿ ಅಲ್ಲೇ ಇರುವುದರಿಂದ ಅಡುಗೆಮನೆ ಲಿಂಬಿಗೆ ಹೆಸರಾದ ಇಂಡಿ. ತಲಬಾಗಿಲು ಸಿಂದಗಿ, ಹಿತ್ತಲ ಬಾಗಿಲು ಮುದ್ದೇಬಿಹಾಳ. ಬಚ್ಚಲಿಗೆ ಯಾವ ಊರಿನ ಹೆಸರಿಟ್ಟರೂ ಆ ಊರಿನ ಬೀಗರು ಸಿಟ್ಟಾಗುವ ಭಯವಿತ್ತು. ಬಹಳ ವಿಚಾರ ಮಾಡಿ ಅದಕ್ಕೆ 'ಡಿಪೋ' ಎಂದು ಹಾಕಿದರು. ರಷ್ಯನ್ನರೂ ಹೆಚ್ಚುಕಡಿಮೆ ಹಾಗೇ ಅನ್ನುತ್ತಾರೆಂದು ಮೊಬೈಲಿನಿಂದ ತಿಳಿದಾಗ, ಅಲ್ಲಿಯ ಸಾರಿಗೆ ಇಲಾಖೆಯ ಬಗ್ಗೆ ಅವರಿಗೆ ಗೌರವ ಮೂಡಿತು.

ಬೋರ್ಡು ಓದದೆ ಯಾರೂ ಬಾಗಿಲು ದಾಟುವಂತಿಲ್ಲ ಎಂದು ಹುಕುಂ ಆಯಿತು. ಮೊಮ್ಮಗಳು ಗೊಣಗುತ್ತಲೇ ಓದಿದಳು. ಹೊಲಿಗೆ ಕೆಲಸ ಮಾಡುವ ಪಕ್ಕದ ಮನೆಯ ಅಬಿದಾ ಮೊಸರಿನ ಹೆಪ್ಪು ಕೇಳಲು ಬಂದವಳು ಸಿಂದಗಿಯಲ್ಲೇ ತಡೆಯಲ್ಪಟ್ಟಳು.

"ಕಾಕಾರ, ಒಂದ ಚಮಚ ಹೆಪ್ಪಿಗೆ ಬಂದೇನ್ರಿ. ಪಾಸ್‌ಪೋರ್ಟ ತಂದಿಲ್ಲ."

"ಓದಿ ಒಳಗ ಬಾ."

"ಓದಾಕ ಹೋದ್ರ ಹಾಲ ಒಡದ ಹೋಗ್ತಾವ್ರಿ!"

ಶಂಕರೆಪ್ಪನವರು ಮಾತ್ರ ದಿನಾಲು ಕೈ ಹಿಂದೆ ಕಟ್ಟಿಕೊಂಡು ಬಾಗಿಲಿನಿಂದ ಬಾಗಿಲಿಗೆ ನಡೆಯುತ್ತ, ಒಂದೂ ತಡವರಿಸದೆ, ಎಲ್ಲ ಊರುಗಳನ್ನೂ ಕೂಗುತ್ತಿದ್ದರು. ಅವರ ಓದಿನ ವೇಗ ಕಂಡು ಮೊಮ್ಮಗಳು ಇನ್ನಷ್ಟು ಕುಗ್ಗಿದಳು. ಈ ವಯಸ್ಸಿನಲ್ಲಿ ಅಜ್ಜನಿಗೆ ಬಂದದ್ದು ತನಗೆ ಬರುತ್ತಿಲ್ಲವಲ್ಲ!

ಪಂಚಮಿ ಬಂತು. ಹಬ್ಬಕ್ಕೆ ಮುಂಚೆ ಚನ್ನವ್ವ ಪದ್ಧತಿಯಂತೆ ಮನೆಯ ಜೇಡರಬಲೆ ತೆಗೆದು, ಗೋಡೆಗೆ ಸುಣ್ಣ ಹಚ್ಚಿಸಿ, ಬೋರ್ಡುಗಳನ್ನೆಲ್ಲ ಇಳಿಸಿ ಒರೆಸಿ, ಹಬ್ಬದ ಮುಂಜಾನೆ ಮತ್ತೆ ತೂಗುಹಾಕಿದರು. ಸ್ವಲ್ಪ ಹೊತ್ತಿಗೆ ಅಬಿದಾ ತನ್ನ ಗಂಡ ಮೈಬೂಬನ ಜೊತೆ ಪಂಚಮಿಯ ಸಿಹಿ ಉಂಡಿ ತಿನ್ನಲು ಬಂದಳು. ಹೊಸ ಪ್ರೇಕ್ಷಕ ಸಿಕ್ಕ ಖುಷಿಯಲ್ಲಿ ಶಂಕರೆಪ್ಪನವರು ಅವನನ್ನು ಅಡುಗೆಮನೆಯ ಬಾಗಿಲ ಮುಂದೆ ನಿಲ್ಲಿಸಿದರು.

"ನೋಡಪಾ ಮೈಬೂಬ. ಇದು ರಷ್ಯನ್. ಏನ ಬರದೈತಿ? ಇಂಡಿ!"

"ವಾಹ್! ಕಾಕಾರ, ನೀವೊಬ್ಬರ ನೋಡ್ರಿ," ಎಂದ ಮೈಬೂಬ.

ಹಬ್ಬದ ಜೋಕಾಲಿ ಬಿಟ್ಟು ನೀರು ಕುಡಿಯಲು ಬಂದಿದ್ದ ವಿದ್ಯಾವತಿ ತಲೆ ಎತ್ತಿ ನೋಡಿ ಕಿಸಕ್ಕನೆ ನಕ್ಕಳು.

"ಅಜ್ಜಾ, ಇಂಡಿ ಎಲ್ಲೈತಿ? ಅದು ಡಿಪೋ! ಆಯಿ ಅಡಗಿಮನಿಗೆ ಬಚ್ಚಲದ ಬೋರ್ಡ ಹಾಕ್ಯಾಳ!"

"ನಂಗೇನ ಗೊತ್ತವಾ? ನನ್ನ ಕಣ್ಣಿಗೆ ಎಲ್ಲಾ ಕರೇ ಗೆರೀನ," ಎಂದರು ಚನ್ನವ್ವ.

ಹುಡುಗಿ ಹಿತ್ತಲಿಗೆ ಓಡಿದಳು. "ಇಲ್ಲಿ ಸಿಂದಗಿ ಐತಿ!" ಅಲ್ಲಿಂದ ತಲಬಾಗಿಲಿಗೆ. "ಇದು ಮುದ್ದೇಬಿಹಾಳ!" ಬಚ್ಚಲ ಮುಂದೆ ನಿಂತು "ಅಯ್ಯೋ, ಇಂಡಿ ಇಲ್ಲಿ ಬಂದೈತಿ!" ಎಂದು ಕೂಗಿದವಳು ತಿರುಗಿ, ತಾನು ಓಡಿಬಂದ ಬಾಗಿಲುಗಳನ್ನು ನೋಡಿದಳು. ಒಂದು ಅಕ್ಷರವನ್ನೂ ಕೂಡಿಸಿಕೊಳ್ಳದೆ ತಾನು ಅಷ್ಟನ್ನೂ ಓದಿಬಿಟ್ಟೆನೆಂಬುದು ಆಕೆಗೆ ಆಗ ಹೊಳೆಯಿತು. ಅಲ್ಲೇ ಗೋಡೆಗೆ ಒರಗಿ ನಿಂತಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗೆಯಿತ್ತು.

ಇತ್ತ ಶಂಕರೆಪ್ಪನವರ ಮುಖ ನೋಡುವಂತಿರಲಿಲ್ಲ.

"ಇಷ್ಟ ವರ್ಷ ಬಸ್‌ಸ್ಟ್ಯಾಂಡಿನ್ಯಾಗ ನೀವು ಬೋರ್ಡರೆ ಓದೀರಿಲ್ಲರಿ?" ಎಂದು ಚನ್ನವ್ವ ಕೇಳಿದರು.

ಅವರು ಚಷ್ಮಾ ತೆಗೆದು ಒರೆಸಿದರು. ಕೊನೆಗೆ ಖರೇ ಮಾತು ಬಾಯಿಗೆ ಬಂತು.

"ಇಂಡಿ ಬಸ್ಸ ನಿಂದ್ರೂ ಜಾಗಾ ಒಂದ ಇರತೈತಿ. ಆ ಜಾಗಾ ನೋಡಿ ಕೂಗ್ತಿದ್ದೆ. ಬೋರ್ಡ ಯಾಕ ಓದಬೇಕು?"

ಮೈಬೂಬ ಉಂಡಿ ಗಂಟಲಿಗೆ ಸಿಕ್ಕಿಸಿಕೊಂಡ. ವಿದ್ಯಾವತಿ ಅಜ್ಜನ ಮೊಬೈಲು ತೆಗೆದುಕೊಂಡು ಅಪ್ಪನಿಗೆ ಫೋನು ಹಚ್ಚಿದಳು. "ಅಪ್ಪಾ, ನಾ ಹೋಗ್ತೇನಿ ಅಂತ ತಿಳಿಸಿಬಿಡು. ಹೌದು, ಖರೇನ. ಹಬ್ಬ ಮುಗಿಯೂತನಾ ಕಾಯಬ್ಯಾಡ, ಇವತ್ತ ತಿಳಸು."

ಆಕೆ ಈಗ ಎರಡನೆಯ ವರ್ಷದಲ್ಲಿದ್ದಾಳೆ. ಹೋದ ಹೊಸತರಲ್ಲೇ, ಮೈ ಕೊರೆಯುವ ಚಳಿಯಲ್ಲಿ ಗೆಳತಿಯರೆಲ್ಲ ಮೊಬೈಲು ತಡಕುತ್ತಿರುವಾಗ, ತಾನು ದೂರದಿಂದಲೇ ಬೋರ್ಡು ಓದಿ ಅವರನ್ನೆಲ್ಲ ಸರಿಯಾದ ಬಸ್ಸಿಗೆ ಹತ್ತಿಸಿದ್ದನ್ನು ಫೋನಿನಲ್ಲಿ ಹೇಳಿದಳು.

"ಅಜ್ಜಾ, ಇದು ನಿನ್ನ ಉಪಕಾರ. ನೀ ಅವತ್ತ ತಪ್ಪ ಓದದಿದ್ರ ನನಗ ಓದಾಕ ಬರತೈತಿ ಅಂತ ನನಗ ಗೊತ್ತ ಆಗ್ತಿದ್ದಿಲ್ಲ."

ಬೇರೆಯವರಾಗಿದ್ದರೆ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಸುಮ್ಮನಾಗುತ್ತಿದ್ದರು. ಶಂಕರೆಪ್ಪನವರು ಮನಗೂಳಿ, ಇಂಗಳೇಶ್ವರದ ಬೀಗರಿಗೆಲ್ಲ ಹೇಳಿಕೊಂಡು ಬಂದರು: "ನಾ ತಪ್ಪ ಓದಿದ್ದಕ್ಕ ನಮ್ಮ ಹುಡುಗಿ ಡಾಕ್ಟರ ಆಗಾಕತ್ತಾಳ. ತಪ್ಪ ಓದೂದು ಎಲ್ಲಾರಿಗೂ ಬರಂಗಿಲ್ರಿ." ಅಬಿದಾಳಿಗಂತೂ ಇದನ್ನು ಹೆಪ್ಪಿನ ಜೊತೆಗೇ ಕೊಡುತ್ತಾರೆ. ಆಕೆಯೂ ಬೇಸರವಿಲ್ಲದೆ ಕೇಳುತ್ತಾಳೆ. ವಿದ್ಯಾವತಿ ಹೊರಟಾಗ ಒಳಗೆ ಉಣ್ಣೆ ಇಟ್ಟು ಉದ್ದನೆಯ ಅಂಗಿ ಹೊಲಿದುಕೊಟ್ಟವಳು ಆಕೆ.

ಈ ಸಲದ ಪಂಚಮಿಯಲ್ಲೂ ಅದೇ ಮಾತು ತೆಗೆದಾಗ ಚನ್ನವ್ವ ಉಂಡಿ ಕಟ್ಟುವ ಕೈ ನಿಲ್ಲಿಸಿದರು.

"ಹಂಗಾರ ಬೋರ್ಡ ತಪ್ಪ ಹಾಕಿದಾಕಿ ನಾನು. ಅರ್ಧಾ ಡಾಕ್ಟರಕಿ ನನಗ ಬರಬೇಕ್ರಿ."

ಶಂಕರೆಪ್ಪನವರು ತಟ್ಟೆಯಿಂದ ಒಂದು ಉಂಡಿ ತೆಗೆದುಕೊಂಡು, ತಮ್ಮ ಬಾಯಿಗೆ ಒಯ್ಯುತ್ತಿದ್ದವರು ನಡುವೆಯೇ ನಿಂತು, ಅದನ್ನು ಹೆಂಡತಿಯ ಕೈಯಲ್ಲಿಟ್ಟರು.