ಶಟರ್ ಮುಚ್ಚಿದ ಮೇಲೆ ಎದ್ದ ಗೆರೆ

ಉಪಕರಣ ತೋರಿಸದ್ದನ್ನು ನಾನು ನಂಬುವವಳಲ್ಲ. ಮನೆಯಲ್ಲಿ ಯಾರಾದರೂ ದೆವ್ವದ ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದೆ. ನನ್ನ ತೊಂದರೆಯೆಂದರೆ, ನಂಬಲಾಗದ್ದನ್ನು ನನಗೆ ತೋರಿಸಿದ್ದು ಉಪಕರಣವೇ.

ನಾಲ್ಕು ವರ್ಷಗಳ ಹಿಂದೆ ಸವಣೂರಿನಿಂದ ದಿನಾ ಬಸ್ಸಿನಲ್ಲಿ ಶಿಗ್ಗಾವಿ ಹತ್ತಿರದ ಒಂದು ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ. ಕಾರ್ಬನ್ ನ್ಯಾನೋಟ್ಯೂಬು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳ ಮೇಲೆ ಸಂಶೋಧನೆ. ಅವುಗಳ ಮೇಲೆ ಲೇಸರ್ ಬಿಟ್ಟು, ಚದುರಿ ಬರುವ ಬೆಳಕನ್ನು ಅಳೆಯುವುದು ರಾಮನ್ ವಿಧಾನ. ಕೊಳವೆಯ ಗೋಡೆಯಲ್ಲಿ ದೋಷವಿದ್ದರೆ ಪರದೆಯ ಗೆರೆ ಒಂದು ಗೊತ್ತಾದ ಜಾಗದಲ್ಲಿ ಶಿಖರದಂತೆ ಏಳುತ್ತದೆ. ಆ ಬೆಳಕು ತೀರ ಕ್ಷೀಣ. ಹಾಗಾಗಿ ಬಾಗಿಲ ಸಂದಿಗೆ ಕಂಬಳಿ ತುರುಕಿ, ಫ್ಯಾನಿನ ಕಿಂಡಿಗೆ ರಟ್ಟು ಅಂಟಿಸಿ, ಮೊಬೈಲನ್ನೂ ಹೊರಗಿಟ್ಟು ಕೂರುತ್ತಿದ್ದೆವು. ಬೆಳಕಿನ ಜೊತೆ ಗಾಳಿಯ ದಾರಿಯನ್ನೂ ಮುಚ್ಚುವುದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ.

ಒಂದು ಮಧ್ಯಾಹ್ನ ನಾನೊಬ್ಬಳೇ ಒಳಗಿದ್ದಾಗ ಅಟೆಂಡರ್ ಮೌಲಾಸಾಬ ಊಟಕ್ಕೆ ಹೊರಟ. “ಯಾರರ ಬಾಗಲಾ ತಗದು ನಿಮ್ಮ ಗೆರಿ ಕೆಡಿಸ್ಯಾರು, ಅಕ್ಕಾರ. ಹೊರಗಿಂದ ಚಿಲಕಾ ಹಾಕಿ ಹೋಗತೇನ್ರಿ” ಎಂದ. ಹೂಂ ಎಂದೆ.

ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ಹಸಿವೆಂದುಕೊಂಡೆ. ಉಪಕರಣ ತಂಪು ಮಾಡಲು ಇಟ್ಟಿದ್ದ ದ್ರವ ಸಾರಜನಕದ ಕ್ಯಾನು ಕತ್ತಲಲ್ಲಿ ಸೋರುತ್ತಿದ್ದುದು, ಅದರ ಆವಿ ತುಂಬಿ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗುತ್ತಿದ್ದುದು ಗೊತ್ತಾದದ್ದು ಆಮೇಲೆ. ಅದಕ್ಕೆ ವಾಸನೆಯಿಲ್ಲ.

ಅಳತೆಯ ಕೊನೆಗೆ ಲೇಸರಿನ ಬೆಳಕು ತಡೆಯುವ ಶಟರ್ ಮುಚ್ಚಿ ಒಂದು ಖಾಲಿ ಗೆರೆ ತೆಗೆಯುವುದು ವಾಡಿಕೆ. ಬೆಳಕಿಲ್ಲದ ಮೇಲೆ ಅದು ಸಪಾಟಾಗಿರಬೇಕು. ಆದರೆ ದೋಷದ ಶಿಖರ ಎದ್ದು ನಿಂತಿತು. ಮತ್ತೆ ತೆಗೆದೆ; ಇನ್ನೂ ಎತ್ತರ. ಮೂರನೆಯ ಸಲ ಪರದೆಯ ಅಂಚು ಮುಟ್ಟಿತು. ಹೊರಗಿನ ಬೆಳಕು ನುಸುಳುತ್ತಿರಬೇಕೆಂದು ಕಿಂಡಿ ನೋಡಲು ಎದ್ದೆ. ಕಾಲು ಕುಸಿಯಿತು. ಕೋಣೆಯ ಗಾಳಿಯೇ ಕೆಟ್ಟಿದೆಯೆಂದು ಆಗ ಅರ್ಥವಾಯಿತು.

ಬಾಗಿಲು ಬಡಿದೆ. ಕೂಗಲು ದನಿ ಬರಲಿಲ್ಲ. ಹೇಗೋ ಸ್ಟೂಲು ಹತ್ತಿ, ಉಗುರಿನಿಂದ ರಟ್ಟು ಹರಿದು, ಕಿಂಡಿಗೆ ಬಾಯಿಟ್ಟು ಉಸಿರೆಳೆದೆ. ಚಿಲಕದ ಸದ್ದಾಗುವವರೆಗೂ ಹಾಗೇ ಇದ್ದೆ.

ಮೌಲಾಸಾಬ ಎಷ್ಟೋ ದಿನ ನನ್ನ ಮುಖ ನೋಡಲಿಲ್ಲ. ಒಮ್ಮೆ ಮಾತ್ರ, “ನಿಮ್ಮನ್ನ ಗೋರಿಯಾಗ ಇಟ್ಟು ರೊಟ್ಟಿ ತಿಂದು ಬಂದೆನ್ರಿ, ಅಕ್ಕಾರ” ಎಂದ.

ಉಸಿರು ಕಟ್ಟಿದಾಗ ಕಣ್ಣಿಗೆ ಏನೇನೋ ಕಾಣುತ್ತದೆ ಎಂದರು ನನ್ನ ಮಾರ್ಗದರ್ಶಕರು. ಮೂರೂ ಫೈಲು ತೆರೆದು ತೋರಿಸಿದೆ. ಮೂರರಲ್ಲೂ ಶಿಖರವಿತ್ತು, ಶಟರ್ ಮುಚ್ಚಿತ್ತೆಂಬ ದಾಖಲೆಯೂ ಇತ್ತು. ಅವರು ಯಂತ್ರವನ್ನು ಎರಡು ದಿನ ಪರೀಕ್ಷಿಸಿದರು. ದೋಷ ಸಿಗಲಿಲ್ಲ. “ಇದನ್ನ ಥೀಸಿಸ್‌ನಾಗ ಹಾಕಬ್ಯಾಡವಾ” ಎಂದರು, ಮೆಲ್ಲಗೆ.

ಹಾಕಲಿಲ್ಲ. ಆ ಗೆರೆ ಸಪಾಟಾಗಿ ಬಂದಿದ್ದರೆ ನಾನು ಕೂತಲ್ಲೇ ಕೂತಿರುತ್ತಿದ್ದೆ. ಅಂದು ಆ ಕತ್ತಲಲ್ಲಿ ಯಂತ್ರ ಯಾವ ಬೆಳಕನ್ನು ಅಳೆಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.